ದುಭಾಷಿಯ ಮಗಳು ಕೇಳಿದ ಶಬ್ದ

ಹೊನ್ನಾವರ,
ತಾ. ೧೭ನೇ ಫೆಬ್ರುವರಿ ೧೯೪೬, ರವಿವಾರ

ಚಿ. ಸೌ. ಭವಾನಿಗೆ ನಿನ್ನ ತಂದೆ ಮನಸಾರೆ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂದು ಇವತ್ತಿಗೆ ಮೂವತ್ತಾರು ದಿನ. ಒಂದು ಇಂಗ್ಲಿಷ್ ಶಬ್ದದ ಅರ್ಥ ಕೇಳಿದ ಮಗಳನ್ನು ಇಷ್ಟು ದಿನ ಕಾಯಿಸಿದ ತಂದೆಯನ್ನು, ಅದೂ ಮೂವತ್ತು ವರ್ಷ ಕಚೇರಿಯಲ್ಲಿ ದುಭಾಷಿಯಾಗಿ ಅನ್ನ ಉಂಡ ತಂದೆಯನ್ನು, ನೀನು ಮನಸ್ಸಿನಲ್ಲೇ ಬೈದುಕೊಂಡಿರುತ್ತೀ. ಬೈಯಬೇಕಾದದ್ದೇ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಹಾಕಿದೆ. ಕಾಗದ ಸಿಗದ ಈ ಕಾಲದಲ್ಲಿ ಹಾಗೆ ಹರಿದದ್ದಕ್ಕೆ ನಿನ್ನ ಸೋದರತ್ತೆ ನನ್ನ ಮೇಲೆ ರೇಗಿದಳು. ಈಗ ಬರೆಯುತ್ತಿರುವುದು ಹಳೆಯ ಪಂಚಾಂಗದ ಕೊನೆಗೆ ಹೊಲಿದಿದ್ದ ಖಾಲಿ ಹಾಳೆಗಳ ಮೇಲೆ. ಅಂಚು ಹಳದಿಯಾಗಿದ್ದರೆ, ಅಲ್ಲಲ್ಲಿ ಅರಿಶಿನ ಕುಂಕುಮದ ಕಲೆ ಇದ್ದರೆ ಬೇಸರ ಮಾಡಿಕೊಳ್ಳಬೇಡ.

ಇಲ್ಲಿ ನಾವಿಬ್ಬರೂ ಕ್ಷೇಮ. ಅತ್ತೆಯ ಮೊಣಕಾಲು ಚಳಿ ಕಡಿಮೆಯಾದ ಮೇಲೆ ಸ್ವಲ್ಪ ಸುಧಾರಿಸಿದೆ. ಈ ವಾರ ರೇಶನ್ ಅಂಗಡಿಯಲ್ಲಿ ಅಕ್ಕಿಯ ಬದಲು ಜೋಳ ಕೊಟ್ಟರು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಕೇರಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಸಭೆ ಸೇರಿದ್ದರು. ನಿನ್ನ ಅತ್ತೆ ಅದರದ್ದೊಂದು ಅಂಬಲಿ ಮಾಡಿ, ಒಂದು ಗುಟುಕು ಕುಡಿದು, “ಇದು ಘಟ್ಟದ ಮೇಲಿನವರ ಪುಣ್ಯ, ಅವರಿಗೇ ಇರಲಿ” ಎಂದು ಪಾತ್ರೆ ಕೆಳಗಿಟ್ಟಳು. ಅಳಿಯಂದಿರು ಕಾಗಾಲದ ಬೀರಪ್ಪನ ಕೈಯಲ್ಲಿ ಕಳಿಸಿದ ಗೆಣಸು ಮುಟ್ಟಿತು. ಆ ದಿನ ನಮ್ಮ ಮನೆಯಲ್ಲಿ ಹಬ್ಬ.

ನೀನು ಬರೆದದ್ದನ್ನು ಓದಿ ನಾನು ಒಬ್ಬನೇ ನಕ್ಕೆ. ಮಗ ಕನ್ನಡ ಐದನೇ ಇಯತ್ತೆಯ ಪುಸ್ತಕ ಹಿಡಿದು ಕಂದೀಲಿನ ಒಂದು ಬದಿ, ತಾಯಿ ಮ್ಯಾಟ್ರಿಕ್ಕಿನ ಪುಸ್ತಕ ಹಿಡಿದು ಇನ್ನೊಂದು ಬದಿ. “ಅಮ್ಮಾ, ನೀನು ನಪಾಸಾದರೆ ನಿನ್ನನ್ನು ಯಾರು ಬೈಯುತ್ತಾರೆ?” ಎಂದು ವಿಘ್ನೇಶ್ವರ ಕೇಳಿದನಂತಲ್ಲ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು, ಕುಮಟೆಯಂಥ ಊರಿನಲ್ಲಿ ನಾಲ್ಕು ಮಂದಿ ಆಡಿಕೊಳ್ಳುವುದನ್ನು ಕೇಳಿಸಿಕೊಂಡೂ ನೀನು ಫಾರ್ಮು ತುಂಬಿದ್ದೀ. ಫಾರ್ಮಿಗೆ ಸಹಿ ಮಾಡಿಸಲು ಅಳಿಯಂದಿರೇ ಹೈಸ್ಕೂಲಿಗೆ ಎರಡು ಸಲ ಅಲೆದರೆಂದು ತಿಳಿದು ನನಗೆ ಅವರ ಮೇಲಿದ್ದ ಗೌರವ ಇಮ್ಮಡಿಯಾಯಿತು.

ಈಗ ನೀನು ಕೇಳಿದ ಶಬ್ದ. ನಿನ್ನ ಪುಸ್ತಕದ ವಾಕ್ಯವನ್ನು ನೀನೇ ಕನ್ನಡಕ್ಕೆ ಇಳಿಸಿ ಬರೆದಿದ್ದೀ. “ರಾಜನು ತಪ್ಪು ಮಾಡುತ್ತಿದ್ದಾನೆಂದು ಮಂತ್ರಿಗೆ ತಿಳಿದಿತ್ತು. ಆದರೆ ಸುಮ್ಮನಿರುವುದೇ ಎಕ್ಸ್‌ಪೀಡಿಯಂಟ್ ಎಂದು ಅವನು ಬಗೆದನು.” ಆಮೇಲೆ ಕೇಳಿದ್ದೀ: “ಡಿಕ್ಷನರಿಯಲ್ಲಿ ಮೊದಲು ಯುಕ್ತ, ಉಚಿತ ಎಂದಿದೆ. ಅದರ ಕೆಳಗೆ, ಧರ್ಮಾಧರ್ಮ ನೋಡದೆ ಆ ಹೊತ್ತಿಗೆ ಅನುಕೂಲವಾದದ್ದು ಎಂದಿದೆ. ಹಾಗಾದರೆ ಈ ಶಬ್ದ ಮಂತ್ರಿಯನ್ನು ಹೊಗಳುತ್ತದೆಯೋ ತೆಗಳುತ್ತದೆಯೋ?”

ಮಗೂ, ಈ ಶಬ್ದವನ್ನು ನಾನು ನನ್ನ ನೌಕರಿಯಲ್ಲಿ ಸಾವಿರ ಸಲ ಕನ್ನಡ ಮಾಡಿದ್ದೇನೆ. ಸರಕಾರದ ಯಾವ ಕಾಯಿದೆಯನ್ನು ತೆಗೆದರೂ ಮೊದಲ ಸಾಲಿನಲ್ಲೇ ಇದು ಕೂತಿರುತ್ತದೆ. “ಇಂತಿಂಥ ಕಾಯಿದೆ ಮಾಡುವುದು ಯುಕ್ತವೆಂದು ಕಂಡುಬಂದಿರುವುದರಿಂದ” ಎಂದು ನಾವು ಬರೆಯುತ್ತೇವೆ. ಯಾರಿಗೆ ಯುಕ್ತ, ಯಾಕೆ ಯುಕ್ತ ಎಂದು ಯಾರೂ ಕೇಳುವುದಿಲ್ಲ. ಹಳೆಯ ದೊರೆಯೊಬ್ಬರು, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇದರ ಮೂಲ ಹೇಳಿಕೊಟ್ಟಿದ್ದರು. ಲ್ಯಾಟಿನಿನಲ್ಲಿ ಇದಕ್ಕೆ ತೊಡಕಿನಿಂದ ಕಾಲು ಬಿಡಿಸಿಕೊಳ್ಳುವುದು ಎಂದು ಅರ್ಥವಂತೆ. ಅಂದರೆ ಮೂಲದಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಕಾಲು ಸಿಕ್ಕಿಕೊಂಡಿದೆ, ಬಿಡಿಸಿಕೊಳ್ಳಬೇಕು, ಅಷ್ಟೇ. ಆದರೆ ಶಬ್ದಗಳು ಮನುಷ್ಯರ ಬಾಯಲ್ಲಿ ಓಡಾಡಿ ಓಡಾಡಿ ಮಾಸುತ್ತವೆ. ಈಗ ಇಂಗ್ಲಿಷರು ಒಬ್ಬನನ್ನು ಕುರಿತು ಈ ಶಬ್ದ ಹೇಳಿದರೆ, “ಇವನಿಗೆ ಸರಿ ಯಾವುದೆಂದು ಗೊತ್ತಿತ್ತು, ಆದರೂ ಸುಲಭವಾದದ್ದನ್ನೇ ಮಾಡಿದ” ಎಂಬ ಸಣ್ಣದೊಂದು ಮುಳ್ಳು ಅದರೊಳಗೆ ಇರುತ್ತದೆ.

ಪರೀಕ್ಷೆಗೆ ಇಷ್ಟು ಸಾಕು. ನಿನ್ನ ಕಾಗದ ಬಂದ ಜನವರಿ ಹನ್ನೆರಡನೆಯ ತಾರೀಖೇ ಈ ನಾಲ್ಕು ಸಾಲು ಬರೆದು ಅಂಚೆಗೆ ಹಾಕಿದ್ದರೆ ಆಗುತ್ತಿತ್ತು. ಆದರೆ ಅದು ಬಂದದ್ದು ನಾನು ಪ್ರಾಂತ ಸಾಹೇಬರ ಕಚೇರಿಯ ಮೊಕ್ಕಾಮಿಗೆಂದು ಭಟ್ಕಳಕ್ಕೆ ಹೊರಟ ಬೆಳಿಗ್ಗೆ. ತಾರಿ ದಾಟುವಾಗ ದೋಣಿಯಲ್ಲಿ ಓದಿ, ಉತ್ತರ ಅಲ್ಲಿಂದಲೇ ಬರೆದರಾಯಿತೆಂದು ಕೋಟಿನ ಕಿಸೆಯಲ್ಲಿಟ್ಟೆ. ಆಚೆ ದಡದಲ್ಲಿ ಇದ್ದಲಿನಿಂದ ಓಡುವ ಬಸ್ಸು ಹೊಗೆ ಕಾರುತ್ತ ನಿಂತಿತ್ತು. ಭಟ್ಕಳದಲ್ಲಿ ಆದದ್ದನ್ನು ಹೇಳದೆ ನಿನ್ನ ಪ್ರಶ್ನೆಗೆ ಉತ್ತರ ಹೇಳಲು ನನ್ನಿಂದಾಗುತ್ತಿಲ್ಲ. ಸಮಾಧಾನದಿಂದ ಓದು.

ಭಟ್ಕಳದಿಂದ ತೆಂಕಕ್ಕೆ ಸ್ವಲ್ಪ ದೂರ ಹೋದರೆ ನಮ್ಮ ಮುಂಬಯಿ ಇಲಾಖೆ ಮುಗಿದು ಮದರಾಸು ಇಲಾಖೆ ಸುರುವಾಗುತ್ತದೆಂದು ನಿನಗೆ ಗೊತ್ತು. ಅಲ್ಲೊಂದು ತಪಾಸಣೆಯ ನಾಕೆ ಹಾಕಿದ್ದಾರೆ. ಪರವಾನಿಗೆ ಇಲ್ಲದೆ ಒಂದು ಸೇರು ಅಕ್ಕಿಯೂ ಗಡಿ ದಾಟಬಾರದು. ಹಾಗೆ ಸಿಕ್ಕಿಬಿದ್ದವರ ವಿಚಾರಣೆಯನ್ನು ಸಾಹೇಬರು ತಾವು ಇಳಿದುಕೊಂಡಿದ್ದ ಬಂಗಲೆಯ ಜಗಲಿಯಲ್ಲೇ ನಡೆಸುತ್ತಿದ್ದರು. ಇವರು ಹೊಸಬರು, ಅಹಮದಾಬಾದಿನ ಕಡೆಯವರು. ಕನ್ನಡ ಒಂದಕ್ಷರ ಬಾರದು. ಪ್ರಾಮಾಣಿಕರು, ಹರೆಯದವರು, ಎಲ್ಲವನ್ನೂ ಕಾಯಿದೆಯ ಪುಸ್ತಕ ನೋಡಿಯೇ ಮಾಡುವವರು. ಒಬ್ಬೊಬ್ಬರಿಗೂ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇದು ಕಾಯಿದೆಗೆ ವಿರುದ್ಧವೆಂದು ನಿನಗೆ ಗೊತ್ತಿತ್ತೇ?” ಗೊತ್ತಿರಲಿಲ್ಲ ಎಂದವರಿಗೆ ತಾಕೀತು ಮಾಡಿ ಬಿಡುತ್ತಿದ್ದರು. ಗೊತ್ತಿತ್ತು ಎಂದವರಿಗೆ ಒಂದು ತಿಂಗಳು ಜೈಲು. ನಡುವೆ ಬೇರೆ ದಾರಿ ಇಲ್ಲ. ಮೊದಲ ದಿನವೇ ತಿಮ್ಮನೆಂಬ ಗಾಡಿಯವನೂ ಅವನ ಜೊತೆಗಾರನೂ ಗೊತ್ತಿತ್ತೆಂದು ಹೇಳಿ ಜೈಲಿಗೆ ಹೋದರು.

ಎರಡನೆಯ ದಿನ ಹೆಬಳೆಯ ದುರ್ಗಿ ಎಂಬವಳನ್ನು ತಂದು ನಿಲ್ಲಿಸಿದರು. ಐವತ್ತರ ಆಚೆಯ ವಿಧವೆ. ಗೇಣಿಗೆ ಗದ್ದೆ ಮಾಡಿಕೊಂಡಿರುವವಳು. ಅವಳ ಮಗಳನ್ನು ಗಡಿಯ ಆಚೆ ಶಿರೂರಿಗೆ ಕೊಟ್ಟಿದೆ. ದೇವಿ ಎಂದು ಹೆಸರು. ಆ ದೇವಿ ಹೆತ್ತು ಎಂಟು ದಿನ. ಬಾಣಂತಿಗೆಂದು ಹಳೆಯ ಸೀರೆಯ ಗಂಟು ಕಟ್ಟಿಕೊಂಡು ಈಕೆ ಹೊರಟಿದ್ದಾಳೆ. ಗಂಟು ಬಿಚ್ಚಿದರೆ ಒಳಗೆ ಐದು ಸೇರು ಕುಚ್ಚಲಕ್ಕಿ.

ಸಾಹೇಬರು ಎಂದಿನ ಪ್ರಶ್ನೆ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ, ಸಾಹೇಬರ ಮುಖವನ್ನೇ ನೋಡಿ ಮಾತಾಡಿದಳು.

“ಗೊತ್ತಿತ್ತು ಒಡಿಯಾ. ನಾಕೆ ಕಟ್ಟು ದಿವ್ಸವೇ ಡಂಗುರ ಹೊಡ್ದಿದ್ರು, ಕೇಳಿದ್ದೆ. ಗೊತ್ತಿದ್ದೇ ಹೊತ್ಕಂಡು ಹೊರಟೆ. ಅಕ್ಕಿ ನಾ ನೆಟ್ಟದ್ದು, ನಾ ಕೊಯ್ದದ್ದು, ನಾ ಬೇಯ್ಸಿ ಕುಟ್ಟದ್ದು. ಅಲ್ಲಿ ಮಗ್ಳಿಗೆ ಗಂಜಿ ಇಲ್ಲ, ಎದೆಲಿ ಹಾಲಿಲ್ಲ. ಶಿಶು ರಾತ್ರಿ ಹಗಲು ಕೂಗ್ತದೆ. ಈ ಗೆರೆ ಯಾರು ಎಳ್ದದ್ದು ಹೇಳಿ ಸಾಹೇಬ್ರ ಹತ್ರ ಕೇಳಿ. ಗೆರೆ ಆಚೆ ಹೋದ ಕೂಡ್ಲೆ ಅವ್ಳು ನನ್ನ ಮಗ್ಳಲ್ದಾ?”

ಭವಾನೀ, ಕೆಲಸಕ್ಕೆ ಸೇರಿದ ದಿನ ನಾನು ಪ್ರಮಾಣ ಮಾಡಿದ್ದೆ, ಹೇಳಿದ್ದನ್ನು ಹೇಳಿದ ಹಾಗೆಯೇ, ಕೂಡಿಸದೆ ಕಳೆಯದೆ ಭಾಷಾಂತರ ಮಾಡುತ್ತೇನೆಂದು. ಅವಳ ಮಾತು ಮುಗಿಯುವ ಹೊತ್ತಿಗೆ ನನಗೆ ಕಂಡದ್ದು ಜೈಲಿನ ಬಾಗಿಲು, ಅದರಾಚೆ ಹಾಲಿಲ್ಲದ ಬಾಣಂತಿ. ನಾನು ಸಾಹೇಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: “ತಾನು ತಿಳಿವಳಿಕೆ ಇಲ್ಲದ ಹಳ್ಳಿಯ ಹೆಂಗಸು, ಇಂಥ ಕಾಯಿದೆ ಇದೆಯೆಂದು ಗೊತ್ತಿರಲಿಲ್ಲ, ತಪ್ಪಾಯಿತು ಎನ್ನುತ್ತಾಳೆ.”

ಸಾಹೇಬರು ಲೇಖನಿ ಎತ್ತಿ ನನ್ನನ್ನು ನೋಡಿದರು. “ಅವಳು ಅಷ್ಟು ಉದ್ದ ಹೇಳಿದಳು. ನೀವು ಹೇಳಿದ್ದು ಇಷ್ಟೇ.”

“ಹಳ್ಳಿಯವರು ಒಂದನ್ನೇ ಮೂರು ಸಲ ಹೇಳುತ್ತಾರೆ, ಸಾಹೇಬರೇ” ಎಂದೆ.

ಅವರು ನಕ್ಕು, ತಾಕೀತು ಬರೆದು ಅವಳನ್ನು ಬಿಟ್ಟರು. ಅಕ್ಕಿ ಮಾತ್ರ ಸರಕಾರಕ್ಕೆ ಜಪ್ತಿಯಾಯಿತು. ನನ್ನ ಮನಸ್ಸು ಎಷ್ಟು ಹಗುರವಾಯಿತೆಂದು ನಿನಗೆ ಹೇಗೆ ಹೇಳಲಿ! ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಆ ದಿನ ಎರಡು ಚಪಾತಿ ಹೆಚ್ಚಿಗೆ ತಿಂದೆ. ಕಿಸೆಯಲ್ಲಿದ್ದ ನಿನ್ನ ಕಾಗದ ತೆಗೆದು, ಉತ್ತರ ಬರೆಯಲು ಕೂತು, “ಇದು ಹೊಗಳಿಕೆಯೇ” ಎಂದು ಸುರುಮಾಡಿಯೂ ಇದ್ದೆ. ನಾನು ಹರಿದ ಮೊದಲ ಕಾಗದ ಅದು.

ಯಾಕೆಂದರೆ ಮರುದಿನ ಮಧ್ಯಾಹ್ನ ಬಿಡುವಿನ ಹೊತ್ತಿಗೆ ದುರ್ಗಿ ನಾನಿದ್ದ ಬಿಡಾರ ಹುಡುಕಿಕೊಂಡು ಬಂದಳು. ನಾನು ಕೈತೊಳೆದು ಆಗಷ್ಟೆ ಕೂತಿದ್ದೆ. ಉಪಕಾರ ನೆನೆಯಲು ಬಂದಿದ್ದಾಳೆಂದು ಭಾವಿಸಿ, “ಅದೆಲ್ಲ ಏನೂ ಬೇಡ, ಹೋಗಿ ಬಾ” ಎಂದೆ. ಅವಳು ಮೆಟ್ಟಿಲ ಕೆಳಗೇ ನಿಂತಳು.

“ಒಡಿಯಾ, ನಿನ್ನೆ ನನ್ನ ಮಾತು ಸಾಹೇಬ್ರಿಗೆ ಎಂತ ಹೇಳ್ದ್ರಿ?”

ನಾನು ಉತ್ತರ ಹೇಳುವುದರೊಳಗೆ ಅವಳೇ ಹೇಳಿದಳು. ಕಚೇರಿಯ ಪಟ್ಟೇವಾಲ ಶನಿಯಾರ ಇಪ್ಪತ್ತು ವರ್ಷ ಸಾಹೇಬರುಗಳ ಬಾಗಿಲಲ್ಲಿ ನಿಂತು ಇಂಗ್ಲಿಷು ಕೇಳಿದವನು. ಅವನು ಹೊರಗೆ ಅವಳಿಗೆ ಸಂತೋಷದಿಂದಲೇ ಹೇಳಿದ್ದಾನೆ: “ಒಡೇರು ನಿನ್ನ ಉಳ್ಸಿದ್ರು. ನಿಂಗೆ ಎಂತದೂ ಗೊತ್ತಿಲ್ಲ, ಬುದ್ಧಿ ಇಲ್ದ ಹೆಂಗ್ಸು ಅಂದ್ರು.”

“ಹೌದು” ಎಂದೆ. “ಹಾಗೆ ಹೇಳದಿದ್ದರೆ ಇಷ್ಟು ಹೊತ್ತಿಗೆ ನೀನು ಜೈಲಿನಲ್ಲಿರುತ್ತಿದ್ದೆ. ನಿನ್ನ ಮಗಳನ್ನು ಯಾರು ನೋಡಿಕೊಳ್ಳುತ್ತಿದ್ದರು?”

“ಅದು ನಂಗೆ ಬಿಟ್ಟದ್ದಲ್ದಾ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಳೆದುಹೋದ ಒಂದು ವಸ್ತು ಇವರಲ್ಲಿ ಸಿಕ್ಕೀತೇನೋ ಎಂದು ವಿಚಾರಿಸುವವಳ ಹಾಗೆ ಕೇಳುತ್ತಿದ್ದಳು.

“ನೀವು ನಂಗೆ ಕೆಟ್ಟದ್ದು ಮಾಡುಕೆ ಹೇಳ್ದದ್ದಲ್ಲ, ನಂಗೆ ಗೊತ್ತದೆ. ಆದ್ರೆ ರಾತ್ರಿ ಇಡೀ ಯೋಚ್ನೆ ಮಾಡ್ದೆ. ಸಾಹೇಬ್ರು ಬಿಟ್ಟದ್ದು ಯಾರ್ನ? ಎಂತದೂ ಗೊತ್ತಿಲ್ದ ಒಂದು ಹೆಂಗ್ಸನ್ನ. ಅವ್ಳು ಯಾರೋ ನಂಗೆ ಗೊತ್ತಿಲ್ಲ. ಅವ್ಳು ಮನೆಗೆ ಹೋದ್ಳು. ನಾ ಅಲ್ಲೇ ಜಗ್ಲಿ ಮುಂದೆ ನಿಂತಂಗೇ ಅದೆ. ನಾ ಹುಟ್ಟಿದ ಮೇಲೆ ಅಷ್ಟು ದೊಡ್ಡವ್ರ ಎದ್ರಿಗೆ ಒಂದು ಮಾತು ಆಡ್ದದ್ದು ನಿನ್ನೆ ಒಂದಿನವೇ. ಅದನ್ನೂ ನೀವು ಮುಟ್ಟಿಸ್ಲಿಲ್ಲ.”

ಬಿಸಿಲಿನಲ್ಲಿ ನಿಂತಿದ್ದಳು. ಒಳಗೆ ಬಾ ಎಂದೆ, ಬರಲಿಲ್ಲ. ನೀರು ಕೊಟ್ಟೆ, ಕುಡಿದಳು. ಆಮೇಲೆ ಕೇಳಿದಳು: “ಈಗ ಹೇಳುಕೆ ಬತ್ತದಾ?”

“ಈಗ ಹೇಳಿದರೆ ಸಾಹೇಬರು ನಿನಗೆ ಶಿಕ್ಷೆ ಕೊಟ್ಟರೂ ಕೊಟ್ಟಾರು” ಎಂದೆ. “ನನಗೂ.”

“ಕೊಡ್ಲಿ. ನಿಮ್ಗೆ ಬ್ಯಾಡಿದ್ರೆ ಬ್ಯಾಡ. ನಾ ಬಲವಂತ ಮಾಡುದಿಲ್ಲ” ಎಂದು ಪಾತ್ರೆ ಮೆಟ್ಟಿಲ ಮೇಲೆ ಬೋರಲಿಟ್ಟು ಹೋದಳು.

ಮೊಕ್ಕಾಮು ಇನ್ನೂ ಎರಡು ದಿನವಿತ್ತು. ಆ ಎರಡು ದಿನ ನಾನು ಒಂದೊಂದು ಮಾತನ್ನೂ ಭಾಷಾಂತರಿಸುವಾಗ ನನ್ನ ನಾಲಿಗೆಯನ್ನೇ ಕಾಯುತ್ತ ಕೂತಿದ್ದೆ. ತಿಮ್ಮ ಗಾಡಿಯವ ಗೊತ್ತಿತ್ತೆಂದಾಗ ನಾನು ಗೊತ್ತಿತ್ತೆಂದೇ ಹೇಳಿದ್ದೆನಲ್ಲ, ಅದು ಯಾಕೆ ಎಂದು ನೆನಪಾಗತೊಡಗಿತು. ಇವನು ಚೀಲಗಟ್ಟಲೆ ಸಾಗಿಸುವವನು, ಇವನಿಗೆ ಆಗಬೇಕಾದದ್ದೇ ಎಂದು ನಾನೇ ತೀರ್ಮಾನಿಸಿದ್ದೆ. ದುರ್ಗಿ ಪಾಪದವಳೆಂದೂ ನಾನೇ ತೀರ್ಮಾನಿಸಿದ್ದೆ. ಕುರ್ಚಿಯಲ್ಲಿ ಕೂತವರು ಸಾಹೇಬರು, ತೀರ್ಪು ಮಾತ್ರ ನನ್ನದು. ಮೂವತ್ತು ವರ್ಷದಿಂದ ನಾನು ಸಂಬಳ ತೆಗೆದುಕೊಂಡದ್ದು ಭಾಷಾಂತರಕ್ಕೆ. ಜನರ ಪಾಲಿಗೆ ಯಾವುದು ಒಳ್ಳೆಯದೆಂದು ನಿರ್ಧರಿಸಲು ಯಾರೂ ನನ್ನನ್ನು ನೇಮಿಸಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಶನಿಯಾರನನ್ನು ಹೆಬಳೆಗೆ ಕಳಿಸಿ ದುರ್ಗಿಯನ್ನು ಕರೆಸಿದೆ. ಸಾಹೇಬರು ಚಹಾ ಕುಡಿಯುತ್ತಿದ್ದರು. ಅವರೆದುರು ನಿಂತು, ಆ ದಿನ ನಾನು ಹೇಳಿದ್ದು ಅವಳ ಮಾತಲ್ಲವೆಂದೂ, ಅವಳ ಮಾತು ಇದೆಂದೂ ಒಂದೊಂದೇ ವಾಕ್ಯ ಇಂಗ್ಲಿಷಿನಲ್ಲಿ ಹೇಳಿದೆ. ಗೆರೆ ಯಾರು ಎಳೆದದ್ದು ಎಂಬುದನ್ನೂ ಹೇಳಿದೆ. “ಗೆರೆ ದಾಟಿದ ಕೂಡಲೆ ಅವಳು ನನ್ನ ಮಗಳಲ್ಲವೇ?” ಎಂಬುದನ್ನೂ ಹೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಭಾಷಾಂತರ ನಾನು ಮಾಡಿಲ್ಲ.

ಸಾಹೇಬರು ಚಹಾದ ಬಟ್ಟಲು ಕೆಳಗಿಟ್ಟರು. ಮುಖ ಕೆಂಪಾಗಿತ್ತು. ಕೊನೆಗೆ ನನ್ನನ್ನಲ್ಲ, ಅವಳನ್ನು ನೋಡಿ ಒಂದೇ ಮಾತು ಹೇಳಿದರು. ನಾನು ಅದನ್ನು ಕನ್ನಡ ಮಾಡಿದೆ: “ಗೆರೆ ಎಳೆದದ್ದು ನಾನಲ್ಲ, ತಾಯೀ.”

ಅವರು ತಾಯೀ ಎಂದೇ ಅಂದರು, ಭವಾನಿ. ನಾನು ಸೇರಿಸಿದ್ದಲ್ಲ.

ದುರ್ಗಿ ತಲೆಯಾಡಿಸಿದಳು. “ಆತು. ಕೇಳ್ದ್ರಲ್ಲ, ಸಾಕು” ಎಂದಳು.

ಮುಗಿದ ಮೊಕದ್ದಮೆಯನ್ನು ಮತ್ತೆ ತೆರೆಯಲು ಬರುವುದಿಲ್ಲವೆಂದು ಸಾಹೇಬರು ಅವಳನ್ನು ಕಳಿಸಿಕೊಟ್ಟರು. ಆಮೇಲೆ ನನ್ನನ್ನು ಕೇಳಿದರು: “ಹೀಗೆ ಎಷ್ಟು ಸಲ ಮಾಡಿದ್ದೀರಿ?”

“ಎಣಿಸಿಲ್ಲ” ಎಂದೆ. ಅದು ನಿಜವಾಗಿತ್ತು.

“ನೀವು ಕೆಡುಕು ಬಯಸಿ ಮಾಡಿದವರಲ್ಲವೆಂದು ನನಗೆ ತಿಳಿಯುತ್ತದೆ. ಆದರೆ ಇನ್ನು ನಿಮ್ಮ ಬಾಯಿಂದ ಬಂದದ್ದನ್ನು ನಾನು ಹೇಗೆ ನಂಬಲಿ?” ಎಂದರು. ನ್ಯಾಯವಾದ ಮಾತು. ಫೆಬ್ರುವರಿ ಒಂದನೆಯ ತಾರೀಖಿನಿಂದ ನನ್ನನ್ನು ದುಭಾಷಿಯ ಕೆಲಸದಿಂದ ತೆಗೆದು ರಿಕಾರ್ಡಿನ ಕೋಣೆಗೆ ಹಾಕಿದ್ದಾರೆ. ದಪ್ತರಗಳ ಧೂಳು ಕೊಡವುತ್ತ, ಗೆದ್ದಲು ಹಿಡಿಯದ ಹಾಗೆ ನೋಡಿಕೊಳ್ಳುವ ಕೆಲಸ. ಪೆನ್ಶನ್ನಿಗೆ ಎಂಟು ತಿಂಗಳಿದೆ. ಅತ್ತೆಗೆ ತಿಳಿದಾಗ, “ಐವತ್ತನಾಲ್ಕು ವರ್ಷ ಬಾರದ ಬುದ್ಧಿ ಇನ್ನು ಎಂಟು ತಿಂಗಳು ತಡೆದು ಬಂದಿದ್ದರೆ ಗಂಟೇನು ಹೋಗುತ್ತಿತ್ತು?” ಎಂದು ಕೇಳಿದಳು. ಎರಡು ದಿನ ಮಾತು ಬಿಟ್ಟಿದ್ದಳು. ಈಗ ಸರಿಹೋಗಿದ್ದಾಳೆ, ದಿನವೂ ನನ್ನ ಕೋಟು ಜಾಡಿಸಿ ಕೊಡುತ್ತಾಳೆ.

ಒಂದು ಮಾತು ಬಿಟ್ಟೆ. ಬಂಗಲೆಯ ಗೇಟಿನ ಹೊರಗೆ ದುರ್ಗಿ ನನಗಾಗಿ ಕಾದು ನಿಂತಿದ್ದಳು. ನಾನು ಮೊದಲು ಕೇಳಿದ್ದೇ ಅವಳ ಮಗಳ ಸುದ್ದಿ.

“ಹುಷಾರಾಗದೆ. ಹಾಲು ಬಂದದೆ” ಎಂದು ಮೊದಲ ಸಲ ನಕ್ಕಳು. ಆಮೇಲೆ ದನಿ ತಗ್ಗಿಸಿ, “ಮರುದಿವ್ಸ ಮುಂಜಾನೆ ಸಮುದ್ರ ಇಳ್ದಾಗ ದಂಡೆ ಬದಿಗೇ ಹೋಗಿ ನಾಲ್ಕು ಸೇರು ಮುಟ್ಟಿಸ್ಬಂದೆ. ಅದು ಮುಗ್ಸಿಯೇ ನಿಮ್ಮ ಬಿಡಾರಕ್ಕೆ ಬಂದದ್ದು” ಎಂದಳು.

ನಾನು ಬೆರಗಾಗಿ, “ಅದನ್ನು ಸಾಹೇಬರ ಮುಂದೆ ಹೇಳಲಿಲ್ಲವಲ್ಲ?” ಎಂದೆ.

“ಅದು ಅವ್ರು ಕೇಳ್ಲಿಲ್ಲ. ನೀವೂ ಹೇಳುದು ಬ್ಯಾಡ” ಎಂದು ಸೆರಗು ಸರಿಮಾಡಿಕೊಂಡು ಹೆಬಳೆಯ ದಾರಿ ಹಿಡಿದಳು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಸಮುದ್ರದ ದಂಡೆಯ ಮೇಲೆ ಅವಳು ಮಾಡಿದ್ದಕ್ಕೂ ಇಂಗ್ಲಿಷಿನಲ್ಲಿ ಇದೇ ಶಬ್ದ. ಬಂಗಲೆಯ ಜಗಲಿಯಲ್ಲಿ ನಾನು ಮಾಡಿದ್ದಕ್ಕೂ ಇದೇ ಶಬ್ದ. ಅವಳದ್ದನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ, ನನ್ನದನ್ನು ನೆನೆದರೆ ತಲೆ ತಗ್ಗುತ್ತದೆ. ಅವಳು ಏನು ಹೇಳಬೇಕು, ಏನು ಬಿಡಬೇಕು ಎಂಬುದನ್ನು ತಾನೇ ಆರಿಸಿಕೊಂಡಳು, ಅದರ ಪರಿಣಾಮಕ್ಕೆ ತಾನೇ ತಲೆಕೊಟ್ಟಳು. ನಾನು ಇನ್ನೊಬ್ಬರ ಬಾಯಿ ತೆಗೆದುಕೊಂಡು ಆರಿಸಿದೆ. ಡಿಕ್ಷನರಿಯಲ್ಲಿ ಈ ವ್ಯತ್ಯಾಸ ಬರೆದಿಲ್ಲ. ನಿನ್ನ ಮಂತ್ರಿಯ ಬಗ್ಗೆ ನನಗೆ ಗೊತ್ತಿಲ್ಲ, ಅವನು ಸುಮ್ಮನಿದ್ದದ್ದರಿಂದ ಏಟು ತಿಂದವರು ಯಾರೆಂದು ಪಾಠದಲ್ಲಿ ಮುಂದೆ ಬಂದಿದ್ದರೆ ನೋಡು. ಪರೀಕ್ಷೆಯಲ್ಲಿ ಮಾತ್ರ ‘ಯುಕ್ತ, ಅನುಕೂಲ’ ಎಂದೇ ಬರೆದು ಬಾ. ಪರೀಕ್ಷಕರಿಗೆ ಅಷ್ಟೇ ಬೇಕು, ಮಾರ್ಕು ಸಿಗುತ್ತದೆ.

ಇನ್ನು ಮೂರು ವಾರ. ಕಣ್ಣಿಗೆ ಹೆಚ್ಚು ಶ್ರಮ ಕೊಡಬೇಡ. ಎಣ್ಣೆ ಸಿಕ್ಕರೆ ತಲೆಗೆ ಹಾಕಿಕೊಂಡು ಸ್ನಾನ ಮಾಡು. ಇಂಗ್ಲಿಷ್ ಪ್ರಬಂಧದಲ್ಲಿ ಸಣ್ಣ ವಾಕ್ಯಗಳನ್ನೇ ಬರೆ, ತಪ್ಪು ಕಡಿಮೆಯಾಗುತ್ತದೆ. ಗಣಿತದಲ್ಲಿ ನೀನು ನನ್ನ ಹಾಗಲ್ಲ, ಹೆದರಿಕೆ ಇಲ್ಲ. ಅಳಿಯಂದಿರಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಅಜ್ಜನ ಮುದ್ದು. ನೀನು ಕೂತ ಬೆಂಚು, ಹಿಡಿದ ಲೇಖನಿ, ಬರೆದ ಅಕ್ಷರ ಎಲ್ಲವೂ ನಿನಗೆ ಒದಗಿಬರಲಿ. ಭವಾನೀಶಂಕರ ನಿನ್ನ ಬೆನ್ನಿಗಿರಲಿ.

ನಿನ್ನ ತಂದೆ,
ಕೃಷ್ಣಾನಂದ

ತಾ. ಕ.: ಸಹಿ ಹಾಕಿ ಕಾಗದ ಮಡಿಚಿದ್ದೆ. ಮತ್ತೆ ಬಿಚ್ಚಿದೆ. ಇದನ್ನು ನಿನ್ನ ಪರೀಕ್ಷೆ ಮುಗಿದ ಮೇಲೆ ಬರೆಯುವುದೇ ಎಕ್ಸ್‌ಪೀಡಿಯಂಟ್ ಎಂದು ನನಗೆ ನಾನೇ ಹೇಳಿಕೊಂಡು ಆಮೇಲಿನ ಎರಡು ಕಾಗದ ಹರಿದೆ. ಹಾಗೆ ಅನ್ನಿಸುತ್ತಿರುವುದರಿಂದಲೇ ಈಗ ಬರೆಯುತ್ತಿದ್ದೇನೆ. ಓದುವುದು ಈಗಲೋ ಆಮೇಲೋ, ಅದನ್ನು ನೀನು ಆರಿಸಿಕೋ. ಆಮೇಲೆ ಎನ್ನಿಸಿದರೆ ಇಲ್ಲಿಗೇ ಮಡಿಚಿಡು.

ಹದಿನಾಲ್ಕು ವರ್ಷದ ಹಿಂದೆ ಕುಮಟೆಯವರು ನಿನ್ನನ್ನು ನೋಡಲು ಬಂದ ದಿನ ನಿನಗೆ ಹದಿನೈದು ವರ್ಷ. ಒಳಗಿನ ಕೋಣೆಯಲ್ಲಿ ನಿನ್ನ ಅಮ್ಮ ಹಾಸಿಗೆ ಹಿಡಿದಿದ್ದಳು. ನೀನು ಅವಳ ಕಾಲ ಬಳಿ ಕೂತು ನಮ್ಮ ಕೊಂಕಣಿಯಲ್ಲಿ “ನಾಕ್ಕಾ” ಎಂದೆ. “ನನಗೆ ಬೇಡ, ನಾನು ಪರೀಕ್ಷೆಗೆ ಕೂರಬೇಕು” ಎಂದೆ ನೀನು. ಎರಡು ಸಲ ಹೇಳಿದೆ. ಅಲ್ಲಿಂದ ಜಗಲಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ನಡೆದುಹೋಗಿ ನಾನು ಅವರಿಗೆ, “ಹುಡುಗಿ ಒಪ್ಪಿದ್ದಾಳೆ” ಎಂದೆ. ಮನೆತನ ಒಳ್ಳೆಯದಿತ್ತು, ಹುಡುಗ ಸಭ್ಯ. ನಿನ್ನ ಅಮ್ಮ ಹೆಚ್ಚು ದಿನ ಉಳಿಯುವವಳಲ್ಲವೆಂದು ಡಾಕ್ಟರು ಹೇಳಿದ್ದರು. ನಾನು ತಿಂಗಳಲ್ಲಿ ಹದಿನೈದು ದಿನ ಮೊಕ್ಕಾಮಿನ ಮೇಲೆ ಇರುವವನು, ನಿನ್ನ ಸೋದರತ್ತೆ ಆಗಿನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ, ತಾಯಿಲ್ಲದ ಮನೆಯಲ್ಲಿ ನಿನ್ನನ್ನು ಹೇಗೆ ಬಿಟ್ಟು ಹೋಗಲಿ ಎಂದುಕೊಂಡೆ. ಇಷ್ಟು ನಿನಗೂ ಗೊತ್ತಿರಬಹುದು.

ಗೊತ್ತಿಲ್ಲದ್ದು ಇದು. ನೀನು ಎರಡು ದಿನ ಊಟ ಬಿಟ್ಟಾಗ ನಾನು ನಿನಗೆ, “ಇದು ನಿನ್ನ ಅಮ್ಮನ ಕೊನೆಯ ಆಸೆ, ಅವಳೇ ಹಟ ಹಿಡಿದಿದ್ದಾಳೆ” ಎಂದು ಹೇಳಿದೆ. ಅದು ಸುಳ್ಳು. ನೀನು ಅದನ್ನು ನಂಬಿ ತುತ್ತು ಎತ್ತಿದೆ. ಮದುವೆಯಾಗಿ ಹೋದೆ. ಆಷಾಢದಲ್ಲಿ ಅವಳನ್ನು ನೋಡಲು ಬಂದಾಗ ನಾಲ್ಕು ದಿನವೂ ನೀನು ಅವಳ ಮುಖಕ್ಕೆ ಮುಖ ಕೊಟ್ಟು ಮಾತಾಡಲಿಲ್ಲ. “ಇವಳು ಯಾಕೆ ನನ್ನನ್ನು ನೋಡುವುದಿಲ್ಲ?” ಎಂದು ಅವಳು ನನ್ನನ್ನು ಕೇಳಿದಳು. “ಹೊಸ ಸಂಸಾರ, ದಣಿದಿದ್ದಾಳೆ” ಎಂದೆ. ಶ್ರಾವಣದಲ್ಲಿ ಅವಳು ಹೋದಳು. ಈ ಹದಿನಾಲ್ಕು ವರ್ಷ ನಿನ್ನ ಒಂದು ಕಾಗದದಲ್ಲೂ ಅಮ್ಮ ಎಂಬ ಶಬ್ದ ಬಂದಿಲ್ಲ. ಪ್ರತಿ ಕಾಗದದಲ್ಲೂ ನಾನು ಅದನ್ನು ಹುಡುಕುತ್ತೇನೆ. ನೀನು ಅವಳ ಮೇಲಿಟ್ಟ ಮುನಿಸು ಸಲ್ಲಬೇಕಾದದ್ದು ನನಗೆ, ಮಗೂ. ಅದನ್ನು ಅವಳಿಂದ ತೆಗೆದು ನನಗೆ ಕೊಡು.

ಆ ದಿನ ನಾನು ಜಗಲಿಗೆ ಹೊರಟಾಗ ಅವಳು ನನ್ನ ಧೋತರದ ಅಂಚು ಹಿಡಿದು ನಿಲ್ಲಿಸಿ ಒಂದು ಮಾತು ಹೇಳಿದ್ದಳು. ನೀನು ಆಗ ಅಳುತ್ತ ಹಿತ್ತಲಿಗೆ ಹೋಗಿದ್ದೆ, ಕೇಳಿಸಿಕೊಳ್ಳಲಿಲ್ಲ. ಕೂಡಿಸದೆ ಕಳೆಯದೆ ಬರೆಯುತ್ತೇನೆ. ನಿನ್ನ ಅಮ್ಮ ಹೇಳಿದ್ದು ಇದು:

“ನಾಕ್ಕಾ ಮ್ಹಳ್ಯಾರಿ ನಾಕ್ಕಾ. ಬೇಡ ಅಂದರೆ ಬೇಡ. ಅವಳ ಪರೀಕ್ಷೆ ಮುಗಿಯುವ ತನಕ ನಾನು ಹೇಗಾದರೂ ಇರುತ್ತೇನೆ, ನೀವು ಹೆದರಬೇಡಿ.”